ಪುತ್ತೂರಿನ ಬ್ರೇಕು

ತುಕ್ಕು ಕಣ್ಣಿಗೆ ಬಿದ್ದದ್ದು ಬೆಳಿಗ್ಗೆ, ತೀರ್ಥರಾಮ ಹಲ್ಲುಜ್ಜುತ್ತ ಅಂಗಳಕ್ಕೆ ಇಳಿದಾಗ. ಆ ಮಧ್ಯಾಹ್ನ ದೇವಸ್ಥಾನಕ್ಕೆ ಹೊರಡುವ ಹೊರೆಕಾಣಿಕೆ ಮೆರವಣಿಗೆಯಲ್ಲಿ ಎಲ್ಲ ವಾಹನಗಳಿಗಿಂತ ಮುಂದೆ ಹೋಗಬೇಕಾಗಿದ್ದ ಅವನ ಹಳೆಯ ಪಿಕಪ್ಪು ಹಿಂದಿನ ಸಂಜೆ ಪಂಪಿನ ನೀರಲ್ಲಿ ಮಿಂದು ಮದುಮಗನ ಹಾಗೆ ನಿಂತಿತ್ತು. ಸುಮ್ಮನೆ, ಬರೀ ಅಭಿಮಾನಕ್ಕೆಂದೇ, ಬಗ್ಗಿ ಮುಂದಿನ ಚಕ್ರದ ತೂತಿನೊಳಗೆ ಕಣ್ಣಿಟ್ಟ. ಮೊನ್ನೆಯಷ್ಟೇ ಹಾಕಿಸಿದ ಬ್ರೇಕಿನ ಡಿಸ್ಕು, ಹಾಕಿಸಿದ ದಿನ ಮುಖ ಕಾಣುವಷ್ಟು ಹೊಳೆದದ್ದು, ನೀರಿಗೂ ಇಬ್ಬನಿಗೂ ಸಿಕ್ಕಿ ಕೆಂಪಗಾಗಿ ಕೂತಿತ್ತು. ಬಾಯಲ್ಲಿದ್ದ ನೊರೆಯನ್ನು ಉಗಿಯಲು ಮರೆತು ನುಂಗಿದ. ಆಚೆ ಬದಿಗೆ ಹೋಗಿ ನೋಡಿದ, ಅಲ್ಲಿಯೂ ಅದೇ. ನ್ಯಾಯವಾಗಿ ಆಗ ಅದನ್ನು ಹಾಕಿಕೊಟ್ಟ ಪುತ್ತೂರಿನ ಮೆಕ್ಯಾನಿಕ್ಕಿನ ಮುಖ ನೆನಪಾಗಬೇಕಿತ್ತು. ಆದರೆ ಎದುರು ಬಂದು ನಿಂತದ್ದು ಭಾವ ಮೇದಪ್ಪನ ಮುಖ.

ಮೇದಪ್ಪ ಎಂದರೆ ಹೆಂಡತಿ ಸೇವಂತಿಯ ಅಣ್ಣ. ಕೋಡಿಂಬಾಳದ ತಿರುವಿನಲ್ಲಿ ಅವನ ಗ್ಯಾರೇಜು. ಪಂಜದಿಂದ ಕಡಬದವರೆಗೆ ಹರಡಿದ ನೆಂಟರ ಜೀಪು ಪಿಕಪ್ಪುಗಳೆಲ್ಲ ಅಲ್ಲಿಗೇ ಹೋಗಬೇಕೆಂದು ಯಾರೂ ಕಾನೂನು ಮಾಡಿರಲಿಲ್ಲ. ಆದರೆ ಮನೆಯಲ್ಲೇ ಒಬ್ಬ ಮೆಕ್ಯಾನಿಕ್ ಇರುವಾಗ ಗಾಡಿಯನ್ನು ಹೊರಗೆ ಬಿಚ್ಚಿಸುವುದೆಂದರೆ ಹೆಂಡತಿಯ ತವರಿನ ಎದುರಿನ ಹೋಟೆಲಿನಲ್ಲಿ ಕೂತು ಊಟ ಮಾಡಿದ ಹಾಗೆ. ಮೇದಪ್ಪ ನೆಂಟರಿಂದ ಮಜೂರಿ ಮುಟ್ಟುತ್ತಿರಲಿಲ್ಲ. ಎಲ್ಲ ಅನರ್ಥಕ್ಕೂ ಮೂಲ ಅದೇ ಎಂದು ತೀರ್ಥರಾಮನಿಗೆ ಈಚೆಗೆ ಅನ್ನಿಸತೊಡಗಿತ್ತು. ದುಡ್ಡು ತೆಗೆದುಕೊಳ್ಳದವನನ್ನು ಬೇಗ ಮಾಡು ಎನ್ನುವ ಹಾಗಿಲ್ಲ, ಹೀಗೇಕೆ ಮಾಡಿದೆ ಎಂದು ಕೇಳುವ ಹಾಗಿಲ್ಲ, ಅವನು ಬೈದರೆ ಚಾ ಕುಡಿಯುತ್ತ ಕೇಳಬೇಕು. ಮುಂದಿನ ಬ್ರೇಕು ಕೀಂಯ್ ಎಂದು ಕಿರುಚತೊಡಗಿ ಮಳೆಗಾಲವೇ ಕಳೆದಿತ್ತು. ಹೋದಾಗಲೆಲ್ಲ ಮೇದಪ್ಪ ಚಕ್ರಕ್ಕೆ ಕಿವಿಕೊಟ್ಟು, ಡಿಸ್ಕನ್ನು ಅಮುಕಿ ಹಿಡಿಯುವ ಪ್ಯಾಡು ಸವೆದಿದೆ, ಡಿಸ್ಕು ತುಕ್ಕು ಹಿಡಿದು ಅಂಚು ಎದ್ದಿದೆ, ಎರಡೂ ಬದಲಿಸಬೇಕು ಎಂದು ತೀರ್ಪು ಕೊಡುತ್ತಿದ್ದ. ಬದಲಿಸುವ ದಿನ ಮಾತ್ರ ಯಾರದೋ ಮದುವೆ, ಸತ್ತ ಯಾರದೋ ಬೊಜ್ಜದೂಟ. ಕೊನೆಯ ಸಲ ಗ್ಯಾರೇಜಿನ ತುಂಬ ಗಿರಾಕಿಗಳಿದ್ದರು. ಅವರೆಲ್ಲ ಕೇಳುವ ಹಾಗೆ ಮೇದಪ್ಪ, "ಭಾವ, ನೀವು ಬ್ರೇಕಿನ ಮೇಲೆ ಕಾಲಿಟ್ಟೇ ಓಡಿಸುದಾ? ನಿಮಗೆ ಲೈಸನ್ಸು ಯಾರು ಮಾರಾಯ್ರೆ ಕೊಟ್ಟದ್ದು?" ಎಂದ. ಎಲ್ಲರೂ ನಕ್ಕರು. ತೀರ್ಥರಾಮನೂ ನಕ್ಕ, ನಗದೆ ಇದ್ದರೆ ಅದೊಂದು ಸುದ್ದಿಯಾಗುತ್ತಿತ್ತು. ಆ ನಗು ಒಂದು ವಾರ ಅವನ ಗಂಟಲಲ್ಲೇ ಇತ್ತು.

ಆಮೇಲೆ ಅವನು ಪುತ್ತೂರಿಗೆ ಹೋದ. ಸೇವಂತಿಗೆ ಬ್ಯಾಂಕಿನ ಕೆಲಸ ಎಂದಿದ್ದ. ಸವಣೂರಿನ ಪೇಟೆಯಲ್ಲಿ ಪರಿಚಯದ ಮುಖವೊಂದು ಅಂಗಡಿಯಿಂದ ಇಣುಕಿದಾಗ ಕನ್ನಡಿ ಸರಿಮಾಡುವ ನೆಪದಲ್ಲಿ ತಲೆ ತಿರುಗಿಸಿದ್ದ. ಪ್ರಾಯದ ಕಾಲದಲ್ಲಿ ಕದ್ದು ಸಿನೆಮಾಕ್ಕೆ ಹೋಗುವಾಗಲೂ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ಪುತ್ತೂರಿನ ಆ ಗ್ಯಾರೇಜಿನಲ್ಲಿ ಯಾರೂ ನೀವು ಯಾವ ಮನೆಯವರು ಎಂದು ಕೇಳಲಿಲ್ಲ. ಯಾರ ಅಳಿಯ, ಯಾರ ಮಗ ಎಂದು ಕೇಳಲಿಲ್ಲ. ಫ್ಯಾನಿನ ಕೆಳಗೆ ಕುರ್ಚಿ ಕೊಟ್ಟು "ಕೂತ್ಕೊಳ್ಳಿ ಸರ್" ಎಂದರು. ಸರ್! ತೀರ್ಥರಾಮ ಕಾಲ ಮೇಲೆ ಕಾಲು ಹಾಕಿ ಕೂತ. ಆ ಕುರ್ಚಿಯಲ್ಲಿ ಅವನು ಯಾರ ಭಾವನೂ ಅಲ್ಲ, ಪಂಜದವನೂ ಅಲ್ಲ, ಬರೀ ಒಬ್ಬ ಗಿರಾಕಿ. ಮೈಮೇಲಿನ ಅಂಗಿ ತೆಗೆದಷ್ಟು ಹಗುರವಾಯಿತು. ಸುಂದರ ಎಂಬ ಮೆಕ್ಯಾನಿಕ್ಕು ಮಾತಿಲ್ಲದೆ ಚಕ್ರ ಬಿಚ್ಚಿ, ಹಳೆಯ ಡಿಸ್ಕನ್ನು ಸುತ್ತಿಗೆಯಲ್ಲಿ ಬಡಿದು ಎಬ್ಬಿಸಿ, ಹೊಸದನ್ನು ಪೊಟ್ಟಣದಿಂದ ತೆಗೆದ. ಅದರ ಮೇಲೆ ಕಂಪೆನಿಯವರೇ ತೆಳ್ಳಗೆ ಎಣ್ಣೆ ಹಚ್ಚಿ ಕಳಿಸಿದ್ದರು. ಸುಂದರ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಆ ಎಣ್ಣೆಯನ್ನೆಲ್ಲ ಒಂದು ಹನಿಯೂ ಉಳಿಯದ ಹಾಗೆ ಒರೆಸಿ ತೆಗೆದ. ತೀರ್ಥರಾಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದ. ಏಕೆ ಎಂದು ಕೇಳಬಹುದಿತ್ತು. ಆದರೆ ಸರ್ ಎನ್ನಿಸಿಕೊಂಡವನು ಅಂಥದ್ದನ್ನೆಲ್ಲ ಕೇಳುವುದು ಚೆನ್ನಾಗಿರುವುದಿಲ್ಲ. ಹೊರಡುವಾಗ ಸುಂದರ, "ಹೊಸ ಪ್ಯಾಡು ಅಲ್ವಾ ಸರ್, ಸೆಟ್ ಆಗ್ಲಿಕ್ಕೆ ಸ್ವಲ್ಪ ಓಡ್ಬೇಕು. ಅಷ್ಟರವರೆಗೆ ನೋಡಿಕೊಂಡು ಹೋಗಿ," ಎಂದಷ್ಟೇ ಹೇಳಿದ.

ಈಗ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ತೀರ್ಥರಾಮ ಆ ಒರೆಸಿದ ಬಟ್ಟೆಯನ್ನು ನೆನೆದು ಹಲ್ಲು ಕಚ್ಚಿದ. ಕಬ್ಬಿಣದ ಮರ್ಯಾದೆ ಪೇಟೆಯವರಿಗೆ ಹೇಗೆ ಗೊತ್ತಾಗಬೇಕು? ಅವನ ಮನೆಯಲ್ಲಿ ಅಜ್ಜನ ಕಾಲದ ಕೋವಿ ಇತ್ತು. ಅವನು ಚಿಕ್ಕವನಿದ್ದಾಗ ಅದರ ನಳಿಗೆಯ ಮೇಲೆ ಉಗುರಿನಷ್ಟು ತುಕ್ಕು ಕಂಡು ಅಪ್ಪ ಕೆನ್ನೆಗೆ ಬಾರಿಸಿದ್ದ. ತುಕ್ಕು ಹಿಡಿದದ್ದು ಕೋವಿಗಲ್ಲ, ಮನೆಗೇ ಎಂಬ ಹಾಗೆ ಆಮೇಲೆ ಅಪ್ಪನೇ ಊಟ ಬಿಟ್ಟು ಮಲಗಿದ್ದ. ಅಂದಿನಿಂದ ತೀರ್ಥರಾಮನ ಕೈಗೆ ಸಿಕ್ಕಿದ ಯಾವ ಕಬ್ಬಿಣವೂ ಒಣಗಿ ಉಳಿದದ್ದಿಲ್ಲ. ಕತ್ತಿ, ಕೊಡಲಿ, ಗೇಟಿನ ಬೀಗ, ಬಾವಿಯ ರಾಟೆ, ಎಲ್ಲಕ್ಕೂ ಕೋಳಿಪುಕ್ಕದಲ್ಲಿ ತೆಂಗಿನೆಣ್ಣೆ. ಹೊರೆಕಾಣಿಕೆ ಸಮಿತಿಯ ಸಭೆಯಲ್ಲಿ ಹೊಸ ಹೊಸ ಗಾಡಿಗಳಿದ್ದೂ ಇವನದನ್ನೇ ಮುಂದೆ ಬಿಡುವುದೆಂದು ತೀರ್ಮಾನವಾದದ್ದು ಅದು ಎಲ್ಲಕ್ಕಿಂತ ಹಳೆಯದು ಎಂಬ ಕಾರಣಕ್ಕೆ. ಹಿರಿತನಕ್ಕೆ ನಮ್ಮೂರಿನಲ್ಲಿ ಅಷ್ಟು ಬೆಲೆ, ಅದು ನಿಲ್ಲುತ್ತದೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ದೇವರ ಫೋಟೋ ಕಟ್ಟಿ ಹೂವಿನ ಮಾಲೆ ಹಾಕಿದ ಆ ಗಾಡಿಯ ಚಕ್ರದೊಳಗೆ ಕೆಂಪು ತುಕ್ಕು ಕಂಡರೆ? ಮೇದಪ್ಪನ ಕಣ್ಣು ದೇವರ ಫೋಟೋಕ್ಕಿಂತ ಮೊದಲು ಚಕ್ರಕ್ಕೇ ಹೋಗುವುದು ಖಂಡಿತ. ತೀರ್ಥರಾಮ ಒಳಗೆ ಹೋಗಿ ಎಣ್ಣೆಯ ಬಾಟಲಿ ತಂದ, ಕೋಳಿಗೂಡಿನ ಹತ್ತಿರ ಒಳ್ಳೆಯದೊಂದು ಪುಕ್ಕ ಹುಡುಕಿದ, ಅಂಗಾತ ಮಲಗಿ ಎರಡೂ ಚಕ್ರದ ಡಿಸ್ಕುಗಳಿಗೆ ಒಳಗೆ ಹೊರಗೆ ಸಂದುಸಂದಿಗೂ ಎಣ್ಣೆ ಉಣಿಸಿದ. ಕೆಂಪು ಕರಗಿ ಹೊಳಪು ಎದ್ದಾಗ ಸುಖ ಅನ್ನಿಸಿತು. ಪುತ್ತೂರಿನವನು ಬಿಟ್ಟ ಕೆಲಸವನ್ನು ತಾನು ಪೂರ್ತಿ ಮಾಡಿದೆ ಅಂದುಕೊಂಡ.

ಸ್ನಾನಕ್ಕೆ ಹೊರಟ ಸೇವಂತಿ ಕೇಳಿದಳು: "ತಲೆಗೆ ಹಾಕುವ ಎಣ್ಣೆ ಬಾಟಲಿ ಎಲ್ಲಿ ಹೋಯಿತು?"

"ಕೋವಿಗೆ ಹಚ್ಚಲಿಕ್ಕೆ ತಗೊಂಡೆ."

"ಕೋವಿ ಠಾಣೆಯಲ್ಲಿ ಉಂಟಲ್ಲ, ಎಲೆಕ್ಷನು ಅಂತ ನೀವೇ ಕೊಟ್ಟು ಬಂದದ್ದು."

ತೀರ್ಥರಾಮನ ಕೈಯಲ್ಲಿ ಪುಕ್ಕವಿತ್ತು. ಸೇವಂತಿ ಪುಕ್ಕವನ್ನು ನೋಡಿದಳು, ಅವನ ಬೆನ್ನಿಗೆ ಮೆತ್ತಿದ ಅಂಗಳದ ಮಣ್ಣನ್ನು ನೋಡಿದಳು, ಆಮೇಲೆ ಪಿಕಪ್ಪನ್ನು ನೋಡಿದಳು. ಅರ್ಧ ಬಾಟಲಿ ಎಣ್ಣೆಯನ್ನು ಅವನ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋದಳು. ಈ ಹೆಂಗಸು ಒಮ್ಮೆಯಾದರೂ ಪೂರಾ ಕೇಳಬಾರದೇ, ಪೂರಾ ಸುಳ್ಳು ಹೇಳಿ ಮುಗಿಸುತ್ತಿದ್ದೆ ಎಂದು ಅವನಿಗೆ ಸಿಟ್ಟು ಬಂತು.

ಶಾಲೆಯ ಮೈದಾನದಲ್ಲಿ ಊರಿಗೆ ಊರೇ ಸೇರಿತ್ತು. ಬಾಳೆಗೊನೆ, ಸೀಯಾಳ, ಅಕ್ಕಿ, ತೆಂಗಿನಕಾಯಿ, ಕುಂಬಳಕಾಯಿ, ಎಲ್ಲ ಹೇರಿದ ಗಾಡಿಗಳು ದೇವಸ್ಥಾನದ ಬ್ರಹ್ಮಕಲಶದ ಅಡಿಗೆಗೆ ಹೊರಡಲು ಸಾಲಾಗಿ ನಿಂತಿದ್ದವು. ಮನೆಯಿಂದ ಬರುವ ಅಷ್ಟು ದೂರದಲ್ಲೇ ತೀರ್ಥರಾಮನಿಗೆ ಒಂದು ಅನುಮಾನ ಬಂದಿತ್ತು. ಮೈದಾನದ ಗೇಟಿನ ಹತ್ತಿರ ಬ್ರೇಕು ತುಳಿದಾಗ ಪಿಕಪ್ಪು ನಿಂತಿತು ನಿಜ, ಆದರೆ ನಿಲ್ಲಬೇಕಾದಲ್ಲಿ ಅಲ್ಲ, ತನಗೆ ಇಷ್ಟ ಬಂದಲ್ಲಿ. ಹೊಸ ಪ್ಯಾಡು, ಸೆಟ್ ಆಗಬೇಕು ಎಂದಿದ್ದನಲ್ಲ ಸುಂದರ. ಆ ಮಾತನ್ನು ತೀರ್ಥರಾಮ ಮಂತ್ರದ ಹಾಗೆ ಹೇಳಿಕೊಂಡ. ಅಷ್ಟರಲ್ಲಿ ಮೇದಪ್ಪ ಬಂದ. ಬಿಳಿ ಪಂಚೆ, ಕೇಸರಿ ಶಾಲು, ಎದೆಗೆ ಸ್ವಯಂಸೇವಕನ ಬ್ಯಾಡ್ಜು. ದೇವರ ಫೋಟೋಕ್ಕೆ ಒಂದು ಕೈಯಲ್ಲಿ ನಮಸ್ಕಾರ ಮಾಡಿ, ಇನ್ನೊಂದು ಕೈಯನ್ನು ಬಾನೆಟ್ಟಿನ ಮೇಲಿಟ್ಟ.

"ಎಂತ ಭಾವ, ಗೇಟಲ್ಲಿ ಶಬ್ದವೇ ಬರಲಿಲ್ಲ? ಬ್ರೇಕು ಕಿರುಚುದು ನಿಲ್ಲಿಸಿತಾ?"

"ಹೌದು ಭಾವ. ಅದರಷ್ಟಕ್ಕೇ ಸರಿಯಾಯಿತು."

"ಅದರಷ್ಟಕ್ಕೇ." ಮೇದಪ್ಪ ಆ ಪದವನ್ನು ಬಾಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. "ಭಾವ, ಬ್ರೇಕು ಅದರಷ್ಟಕ್ಕೇ ಸರಿಯಾಗುದು ಅಂತ ಇಲ್ಲ. ಕಿರುಚಲಿಕ್ಕೆ ಎಂತದೂ ಉಳಿಯದಿದ್ದರೆ ಮಾತ್ರ ಅದು ಸುಮ್ಮನಾಗುದು. ನಿಮ್ಮ ಪ್ಯಾಡು ಮುಗಿದುಂಟು. ಇದನ್ನು ಇಲ್ಲೇ ಬಿಡಿ, ಬೇರೆ ಗಾಡಿ ಮುಂದೆ ಹೋಗಲಿ."

ತೀರ್ಥರಾಮನಿಗೆ ಆ ಕ್ಷಣ ಬಹಳ ಉದ್ದವಾಗಿ ಕಂಡಿತು. ಹೌದು ಭಾವ, ಬ್ರೇಕು ಸರಿ ಹಿಡಿಯುತ್ತಿಲ್ಲ ಎಂದರೆ ಮುಗಿಯಿತು. ಆದರೆ ಆಮೇಲೆ ಮೇದಪ್ಪ ಇಲ್ಲೇ ಜಾಕು ತರಿಸುತ್ತಾನೆ, ಇಲ್ಲೇ ಚಕ್ರ ಬಿಚ್ಚುತ್ತಾನೆ, ಒಳಗೆ ಹೊಚ್ಚಹೊಸ ಡಿಸ್ಕು ಕಾಣುತ್ತದೆ. ಎಲ್ಲಿ ಹಾಕಿಸಿದ್ದು ಭಾವ ಎಂದು ಕೇಳುತ್ತಾನೆ, ಅಷ್ಟು ಜನರ ಮುಂದೆ. ಪ್ಯಾಡು ಮುಗಿದಿಲ್ಲ, ಹೊಸತು ಎಂದರೂ ಅದೇ ಪ್ರಶ್ನೆ. ಎರಡು ಬಾಗಿಲೂ ಪುತ್ತೂರಿಗೇ ತೆರೆಯುತ್ತಿದ್ದವು. ಬ್ಯಾಂಕಿನ ಕೆಲಸ ಎಂದು ನಂಬಿದ ಸೇವಂತಿ ಆಗಲೇ ಮುಂದಿನ ಸೀಟಿನಲ್ಲಿ ಕೂತು ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದಳು. "ಎಂತದೂ ಆಗುದಿಲ್ಲ ಭಾವ, ನಡೆಯುವಷ್ಟೇ ಸ್ಪೀಡು ಅಲ್ವಾ," ಎಂದು ತೀರ್ಥರಾಮ ನಕ್ಕ. ಮೇದಪ್ಪ ತಿರುಗಿ ತನ್ನ ಜೀಪಿನ ಕಡೆಗೆ ನಡೆದ. ಕುಣಿತ ಭಜನೆಯ ಮಕ್ಕಳು ಬಂದು ಸರಿಯಾಗಿ ಬಂಪರಿನ ಮುಂದೆ ಸಾಲು ನಿಂತರು. ಕೊನೆಯ ಸಾಲಿನಲ್ಲಿ, ಗಾಡಿಗೆ ಎಲ್ಲರಿಗಿಂತ ಹತ್ತಿರ, ಮೇದಪ್ಪನ ಮೊಮ್ಮಗಳು ತನ್ಮಯಿ, ತಾಳ ಹಿಡಿದು, ತೀರ್ಥರಾಮ ಮಾವಜ್ಜನ ಕಡೆಗೆ ತಿರುಗಿ ಕೈಬೀಸಿದಳು.

ಮೆರವಣಿಗೆ ಹೊರಟಿತು. ಮೈಕಿನಲ್ಲಿ ಕೀರ್ತನ್ ಎಂಬುವನು ಒಂದೊಂದು ಗಾಡಿಯ ಮಾಲೀಕನನ್ನೂ ದಾನಶೂರ ಕರ್ಣನ ವಂಶಕ್ಕೆ ಸೇರಿಸುತ್ತ ಬರುತ್ತಿದ್ದ; ತೀರ್ಥರಾಮನ ಪಾಲಿಗೆ ಧರ್ಮಸಾರಥಿ ಎಂಬ ಬಿರುದು ಬಂತು. ಚಪ್ಪಟೆ ರಸ್ತೆಯಲ್ಲಿ ಎಲ್ಲವೂ ಸರಿಯಿತ್ತು. ಮೇದಪ್ಪ ಮಾತ್ರ ಸ್ವಯಂಸೇವಕರ ಜಾಗ ಬಿಟ್ಟು ಮುಂದಿನ ಎಡ ಚಕ್ರದ ಪಕ್ಕದಲ್ಲೇ ನಡೆಯುತ್ತಿದ್ದ, ಶಾಲನ್ನು ಹೆಗಲಿನಿಂದ ತೆಗೆದು ಏನನ್ನೋ ಸುತ್ತಿ ಕಂಕುಳಲ್ಲಿ ಒತ್ತಿಕೊಂಡಿದ್ದ. ಪ್ರಸಾದದ ಗಂಟೋ ಏನೋ. ದೇವಸ್ಥಾನದ ಇಳಿಜಾರು ಬಂದಾಗ ತೀರ್ಥರಾಮ ಬ್ರೇಕು ತುಳಿದ. ಪೆಡಲು ಗಟ್ಟಿಯಾಗಿಯೇ ಇತ್ತು, ಕಾಲಿಗೆ ಭರವಸೆ ಕೊಡುವಷ್ಟು ಗಟ್ಟಿ. ಗಾಡಿ ಮಾತ್ರ ಅದಕ್ಕೂ ತನಗೂ ಸಂಬಂಧವೇ ಇಲ್ಲವೆಂಬ ಹಾಗೆ ಜಾರುತ್ತಲೇ ಇತ್ತು. ಹಿಂದೆ ತೆಂಗಿನಕಾಯಿಗಳು ಗುಡುಗುಡು ಎಂದು ಮುಂದಕ್ಕೆ ಸರಿದವು. ಹ್ಯಾಂಡ್‌ಬ್ರೇಕು ಎಳೆದ, ಅದು ಎಷ್ಟೋ ವರ್ಷದಿಂದ ಬರೀ ಅಲಂಕಾರಕ್ಕಿದ್ದದ್ದು. ಹಾರನ್ನು ಒತ್ತಿದ. ಭಜನೆಯವರು ಇದು ಉತ್ಸಾಹ ಎಂದು ತಿಳಿದು ತಾಳವನ್ನು ದ್ರುತಕ್ಕೆ ಏರಿಸಿದರು, ಮಕ್ಕಳ ಹೆಜ್ಜೆ ಬಿರುಸಾಯಿತು, ಕೀರ್ತನ್ ಮೈಕಿನಲ್ಲಿ "ಎಂಥ ವೈಭವ! ಎಂಥ ಆವೇಶ!" ಎಂದು ಕೂಗಿದ. ಬಂಪರಿಗೂ ತನ್ಮಯಿಯ ಜಡೆಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಆಗ ತೀರ್ಥರಾಮನಿಗೆ ಬೇರೆ ಏನೂ ಅಲ್ಲ, ಮೈದಾನದಲ್ಲಿ ನಕ್ಕ ತನ್ನ ನಗುವೇ ನೆನಪಾಯಿತು. ಒಂದು ಊರಿನ ಹೆಸರು ಬಾಯಿಂದ ಬೀಳಬಾರದೆಂದು ಈ ಮಗುವಿನ ಹಿಂದೆ ಗಾಡಿ ಬಿಟ್ಟವನು ತಾನು. ಹೆದರಿಕೆಗಿಂತ ಹೇಸಿಗೆ ಹೆಚ್ಚಾಯಿತು, ತನ್ನ ಮೇಲೆ ತನಗೇ.

ಎಡಗಡೆ ಕೇಸರಿ ಬಣ್ಣ ಬಗ್ಗಿದ್ದು ಕಂಡಿತು. ಮೇದಪ್ಪ ಕಂಕುಳಲ್ಲಿದ್ದ ಗಂಟನ್ನು ನೆಲಕ್ಕೆ ಹಾಕಿ ಚಕ್ರದಡಿಗೆ ಒದ್ದ. ಶಾಲಿನೊಳಗೆ ಇದ್ದದ್ದು ಗ್ಯಾರೇಜಿನಲ್ಲಿ ಗಾಲಿಗೆ ಅಡ್ಡ ಕೊಡುವ ಮರದ ತುಂಡು. ಪಿಕಪ್ಪು ಅದರ ಮೇಲೆ ಅರ್ಧ ಹತ್ತಿ, ಯೋಚಿಸಿ, ಹಿಂದಕ್ಕೆ ಕುಕ್ಕಿ ನಿಂತಿತು. ಒಂದು ಕುಂಬಳಕಾಯಿ ಕ್ಯಾಬಿನ್ನಿನ ಮೇಲಿಂದ ಉರುಳಿ ಬಾನೆಟ್ಟಿಗೆ ಬಿದ್ದು ಒಡೆಯಿತು. ಜನ ಅದನ್ನೂ ಶುಭವೆಂದು ತಿಳಿದು ಚಪ್ಪಾಳೆ ತಟ್ಟಿದರು. ತನ್ಮಯಿ ಕುಣಿಯುತ್ತ ಮುಂದೆ ಹೋದಳು, ಅವಳಿಗೆ ಏನೂ ಗೊತ್ತಾಗಿರಲಿಲ್ಲ.

"ಹೇಳಿದ್ದೆ ಅಲ್ವಾ ನಾನು? ಮಳೆಗಾಲದಿಂದ ಹೇಳ್ತಾ ಇದ್ದೇನೆ!" ಮೇದಪ್ಪನ ದನಿ ಗ್ಯಾರೇಜಿನ ದನಿಯೇ. ಜನ ಸುತ್ತ ಸೇರಿದರು. ಸಮಿತಿಯ ಅಧ್ಯಕ್ಷರೂ ಬಂದರು. "ಬನ್ನಿ, ಬನ್ನಿ, ನೋಡಿ ಎಲ್ಲರೂ, ಪ್ಯಾಡು ಮುಗಿದ ಮೇಲೆ ಡಿಸ್ಕು ಹೇಗೆ ಆಗ್ತದೆ ಅಂತ ತೋರಿಸ್ತೇನೆ," ಎಂದು ಮೊಬೈಲಿನ ಟಾರ್ಚು ಹಾಕಿ, ಮೊಣಕಾಲೂರಿ, ಚಕ್ರದ ತೂತಿಗೆ ಕಣ್ಣಿಟ್ಟ. ತೀರ್ಥರಾಮ ಸೀಟಿನಿಂದ ಇಳಿದಿರಲಿಲ್ಲ. ಮೇಲಿನಿಂದ ಅವನಿಗೆ ಕಂಡದ್ದು ಭಾವನ ಬೋಳು ನೆತ್ತಿ ಮಾತ್ರ. ಆ ನೆತ್ತಿ ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಒಂದು ಬೆರಳು ತೂತಿನೊಳಗೆ ಹೋಗಿ ಹೊರಗೆ ಬಂತು, ಬೆರಳು ಮೂಗಿನ ಹತ್ತಿರ ಹೋಯಿತು. ನೆತ್ತಿ ಮೇಲಕ್ಕೆ ತಿರುಗಿ ಮುಖವಾಯಿತು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು. ಮನೆಯಲ್ಲಿ ಊಟ ತಯಾರಿಟ್ಟು ಕಾದವನಿಗೆ, ಬಂದ ನೆಂಟ ಹೊರಗೇ ಉಂಡು ಬಂದಿದ್ದಾನೆಂದು ಗೊತ್ತಾದಾಗ ಆಗುವ ಮುಖ.

"ಎಂತ ಮೇದಪ್ಪಣ್ಣ, ಹೇಗುಂಟು?" ಅಧ್ಯಕ್ಷರು ಕೇಳಿದರು.

ಮೇದಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡು ಎದ್ದ. "ಪೂರಾ ಮುಗಿದುಂಟು," ಎಂದ. "ಡಿಸ್ಕು ತುಕ್ಕು ಹಿಡಿದು ಹಾಳಾಗಿದೆ. ನಾಳೆ ನನ್ನಲ್ಲಿ ಹೊಸತು ಹಾಕ್ತೇನೆ. ಇವರು ನನ್ನ ಭಾವ, ಇವರ ಗಾಡಿ ನಾನಲ್ಲದೆ ಬೇರೆ ಯಾರು ಮುಟ್ಟುದು?"

ತೀರ್ಥರಾಮ ಬಾಯಿ ತೆರೆದ. ಸೇವಂತಿ ಮಡಿಲಿನ ಬುಟ್ಟಿಯಿಂದ ಕಣ್ಣೆತ್ತದೆ, ಅವನಿಗೆ ಮಾತ್ರ ಕೇಳುವ ಹಾಗೆ, "ಈಗ ಸುಮ್ಮನಿರಿ. ಅಣ್ಣನ ಮರ್ಯಾದೆಯಾದರೂ ಉಳಿಯಲಿ," ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಬಹುಶಃ ಬ್ಯಾಂಕಿನ ದಿನದಿಂದಲೇ. ಮೂರು ಜನ ಸೇರಿ ಹಿಡಿದುಕೊಂಡ ಒಂದು ಸುಳ್ಳಿನ ಮೇಲೆ ಮೆರವಣಿಗೆ ಮತ್ತೆ ಮುಂದೆ ಸಾಗಿತು. ಪಿಕಪ್ಪನ್ನು ಹಗ್ಗ ಕಟ್ಟಿ ಹಿಂದಿನಿಂದ ಹಿಡಿದು ಇಳಿಸಿದರು. ಭಕ್ತರು ಕೈಯಲ್ಲೇ ಹಿಡಿದು ತಂದ ವಾಹನ ಎಂದು ಕೀರ್ತನ್ ಅದನ್ನೂ ವರ್ಣಿಸಿದ.

ಮರುದಿನ ಕೋಡಿಂಬಾಳದ ಗ್ಯಾರೇಜಿನಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಮೇದಪ್ಪ ಎಲ್ಲರಿಗೂ ನಾಳೆ ಬನ್ನಿ ಎಂದಿದ್ದ. ತೀರ್ಥರಾಮ ಟಾರ್ಚು ಹಿಡಿದು ನಿಂತ. ಹೊಸ ಪ್ಯಾಡು, ಹೊಸ ಡಿಸ್ಕು ಬಂದು ಬೆಂಚಿನ ಮೇಲೆ ಕೂತಿದ್ದವು. ಎಣ್ಣೆ ಕುಡಿದ ಪ್ಯಾಡು ಡಿಸ್ಕನ್ನು ಹಿಡಿಯದೆ ಜಾರುತ್ತದೆ, ಅದನ್ನು ಎಸೆಯಲೇಬೇಕು. ಆದರೆ ಡಿಸ್ಕನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಕು ಎಂದು ಮೇದಪ್ಪನಿಗೂ ಗೊತ್ತಿತ್ತು, ಪೆಟ್ರೋಲಿನ ಬಟ್ಟೆಯ ಅರ್ಥ ರಾತ್ರಿಯೆಲ್ಲ ಯೋಚಿಸಿ ಈಗ ತೀರ್ಥರಾಮನಿಗೂ ಗೊತ್ತಾಗಿತ್ತು. ಇಬ್ಬರೂ ಹೇಳಲಿಲ್ಲ. ಮುಗಿದಿದೆ ಎಂದು ಊರ ಮುಂದೆ ಹೇಳಿಯಾಗಿದೆ, ಇನ್ನು ಅದು ಮುಗಿದಿರಲೇಬೇಕು. ಮೇದಪ್ಪ ಸ್ಪ್ಯಾನರಿಗೆ ಮೈಭಾರ ಬಿಟ್ಟು ಪ್ಯಾಡು ಕೂರುವ ಕ್ಯಾಲಿಪರಿನ ಬೋಲ್ಟು ಸಡಿಲಿಸಿದ.

"ಪುತ್ತೂರಿನವ ಬೋಲ್ಟು ಒಳ್ಳೆ ಬಿಗಿದಿದ್ದಾನೆ ಭಾವ," ಎಂದ.

ಪುತ್ತೂರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತೀರ್ಥರಾಮ ಟಾರ್ಚನ್ನು ಬೋಲ್ಟಿನಿಂದ ಭಾವನ ಮುಖದ ಕಡೆಗೆ ತಿರುಗಿಸಿದ.

"ನಾನು ಹೇಳಬೇಕು ಅಂತಲೇ ಇದ್ದೆ ಭಾವ. ಅವತ್ತು ನೀವು ಅಷ್ಟು ಜನರ ಎದುರು..."

"ಬೆಳಕು ಈಚೆಗೆ ಹಿಡೀರಿ." ಮೇದಪ್ಪ ಡಿಸ್ಕನ್ನು ಕಳಚಿ, ಎರಡು ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿದ. "ಊಟ ಎಲ್ಲಿ ಮಾಡಿದಿರಿ, ಪುತ್ತೂರಲ್ಲಿ?"

"ಊಟ ಮಾಡಲಿಲ್ಲ."

"ಛೆ. ಖಾಲಿ ಹೊಟ್ಟೆಯಲ್ಲಿ ಬಂದದ್ದಾ?" ನಿಜವಾದ ಮರುಕದಿಂದಲೇ ಕೇಳಿದ. ಕೆಲಸ ಮುಗಿಸಿ, ತಾನೇ ಓಡಿಸಿ ನೋಡಿ, ಕೀಲಿಕೈ ಕೊಟ್ಟ. ಬೈಯುತ್ತಾನೆಂದು ತೀರ್ಥರಾಮ ಚಾ ಮುಗಿಯುವವರೆಗೂ ಕಾದ. ಬೈಯಲಿಲ್ಲ.

ಮಳೆಗಾಲ ಹಿಡಿಯಿತು. ಗ್ಯಾರೇಜಿನ ಹಿಂದಿನ ಗುಜರಿಯೆಲ್ಲ ಕೆಂಪಾಗಿ, ಗುಜರಿಯವನು ಬಂದು ಲಾರಿಯಲ್ಲಿ ಹೇರಿಕೊಂಡು ಹೋದ. ಪುತ್ತೂರಿನ ಆ ಎರಡು ಡಿಸ್ಕುಗಳು ಮಾತ್ರ ಹೋಗಲಿಲ್ಲ. ರಸ್ತೆಗೆ ಎದುರಾದ ಗೋಡೆಯಲ್ಲಿ ಎರಡು ಮೊಳೆ ಹೊಡೆದು ಮೇದಪ್ಪ ಅವನ್ನು ತೂಗುಹಾಕಿದ್ದ. ಹೊಸ ಗಿರಾಕಿಗಳು ಅದನ್ನು ಗ್ಯಾರೇಜಿನ ಗುರುತು ಎಂದೇ ತಿಳಿದರು. ಕೇಳಿದವರಿಗೂ ಮೇದಪ್ಪ ಏನೂ ಹೇಳುತ್ತಿರಲಿಲ್ಲವಂತೆ. ಕಡಬಕ್ಕೆ ಹೋಗುವಾಗ ತೀರ್ಥರಾಮ ಆ ತಿರುವಿನಲ್ಲಿ ಗೋಡೆಯ ಕಡೆ ನೋಡದೆ ದಾಟುವುದನ್ನು ಕಲಿತ. ಒಂದೇ ಸಮಾಧಾನವೆಂದರೆ ಕಬ್ಬಿಣ ಅಲ್ಲವೇ, ಇಂಥ ಮಳೆಯಲ್ಲಿ ಎಷ್ಟು ದಿನ ಹೊಳೆದೀತು, ನಾಳೆಯೋ ನಾಡಿದ್ದೋ ಅದೂ ಕೆಂಪಾಗಿ ಬೇರೆ ಕಬ್ಬಿಣದ ಹಾಗೆ ಕಬ್ಬಿಣವಾಗುತ್ತದೆ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಬಿಸಿಲು ಗೋಡೆಯ ಡಿಸ್ಕುಗಳಿಗೆ ಬಿದ್ದು ಕಣ್ಣಿಗೇ ಹೊಡೆಯಿತು, ನೋಡದೆ ಇರಲು ಆಗಲಿಲ್ಲ. ಮೇದಪ್ಪ ಸ್ಟೂಲಿನ ಮೇಲೆ ನಿಂತಿದ್ದ. ಎಡಗೈಯಲ್ಲಿ ತೆಂಗಿನೆಣ್ಣೆಯ ಬಾಟಲಿ, ಬಲಗೈಯಲ್ಲಿ ಕೋಳಿಪುಕ್ಕ. ದೇವರ ದೀಪಕ್ಕೆ ಎಣ್ಣೆ ಹಾಕುವವನ ಶ್ರದ್ಧೆಯಲ್ಲಿ ಸಂದುಸಂದಿಗೂ ಉಣಿಸುತ್ತಿದ್ದ. ಪಿಕಪ್ಪಿನ ಶಬ್ದ ಕೇಳಿ ತಿರುಗಿದ, ಮುಖ ಅರಳಿತು.

"ಓ, ಭಾವ! ಬನ್ನಿ ಬನ್ನಿ, ಚಾ ಕುಡಿದು ಹೋಗುವ!"

ತೀರ್ಥರಾಮ ಬ್ರೇಕು ತುಳಿದ. ಗಾಡಿ ಅಲ್ಲೇ, ಸರಿಯಾಗಿ ಆ ಗೋಡೆಯ ಎದುರು, ಒಂದು ಸದ್ದೂ ಇಲ್ಲದೆ ನಿಂತಿತು.